ನರ ತೆಗೆದ ಮೇಲೂ ನಿಲ್ಲದ ನೋವು

“ನರಾನೇ ತೆಗೆದಾಯ್ತಲ್ಲ ಡಾಕ್ಟ್ರೇ, ಇನ್ನೂ ಯಾಕೆ ನೋಯ್ತಿದೆ?”

ಹಳೆಯ ಬೆಂಗಳೂರಿನ ಹಲ್ಲಿನ ಕ್ಲಿನಿಕ್ಕುಗಳಿಗೆ ಈ ಪ್ರಶ್ನೆ ಹೊಸದಲ್ಲ. ಗಾಂಧಿ ಬಜಾರು, ಡಿವಿಜಿ ರಸ್ತೆ, ಮಲ್ಲೇಶ್ವರದ ಸಂಪಿಗೆ ರಸ್ತೆ, ಚಾಮರಾಜಪೇಟೆಯ ಅಡ್ಡರಸ್ತೆಗಳು, ಎಲ್ಲಿ ಹೋದರೂ ಮೆಡಿಕಲ್ ಶಾಪಿನ ಮೇಲಿನ ಮಹಡಿಯಲ್ಲೋ ಹಳೆಯ ಮನೆಯ ಮುಂದಿನ ಕೋಣೆಯಲ್ಲೋ ಒಂದು ಡೆಂಟಲ್ ಕ್ಲಿನಿಕ್ ಇದ್ದೇ ಇರುತ್ತದೆ. ದಿನ ಬೆಳಗಾದರೆ ಅಲ್ಲಿ ನಡೆಯುವ ಕೆಲಸಗಳಲ್ಲಿ ರೂಟ್ ಕೆನಾಲ್ ಮುಖ್ಯವಾದದ್ದು. ಹಿಂದಿನ ತಲೆಮಾರಿನವರು ಕೀಳಿಸಿಕೊಂಡು ಬರುತ್ತಿದ್ದ ದವಡೆಹಲ್ಲನ್ನು ಈಗಿನವರು ಎರಡು ಮೂರು ಸಲ ಓಡಾಡಿ, ಒಳಗಿನ ನರ ತೆಗೆಸಿ, ಮೇಲೊಂದು ಕ್ಯಾಪ್ ಹಾಕಿಸಿ ಉಳಿಸಿಕೊಳ್ಳುತ್ತಾರೆ. ಬಹುಪಾಲು ಜನರಿಗೆ ವಿಷಯ ಅಲ್ಲಿಗೆ ಮುಗಿಯುತ್ತದೆ. ಕೆಲವರಿಗೆ ಮಾತ್ರ ಮುಗಿಯುವುದಿಲ್ಲ. ಎಕ್ಸ್‌ರೇ ಚೆನ್ನಾಗಿದೆ, ಕ್ಯಾಪ್ ಸರಿಯಾಗಿ ಕೂತಿದೆ, ಒಸಡಿನಲ್ಲಿ ಊತವಿಲ್ಲ. ಆದರೂ ಅದೇ ಜಾಗದಲ್ಲಿ ತಿಂಗಳುಗಟ್ಟಲೆ ಉರಿ, ಸೆಳೆತ, ಒಳಗಿನಿಂದ ಒತ್ತಿದಂಥ ನೋವು.

ಯಾರಿಗೆ ಹೀಗಾಗುತ್ತದೆ? ಇಪ್ಪತ್ತು ವರ್ಷಗಳಿಂದ ಈಚೆಗೆ ನಡೆದ ಸಂಶೋಧನೆ ಇದಕ್ಕೆ ಒಂದು ಮಟ್ಟಿಗೆ ಉತ್ತರ ಕೊಟ್ಟಿದೆ. ಅಪಾಯದ ಸೂಚನೆಗಳಲ್ಲಿ ಹೆಚ್ಚಿನವು ಎಕ್ಸ್‌ರೇಯಲ್ಲಿ ಕಾಣುವಂಥವಲ್ಲ. ಡ್ರಿಲ್ ಶುರುವಾಗುವ ಮೊದಲೇ ಅವು ರೋಗಿಯ ಹಳೆಯ ನೋವುಗಳ ಚರಿತ್ರೆಯಲ್ಲಿರುತ್ತವೆ. ಕೂತು ಕೇಳಿದರೆ ಐದು ನಿಮಿಷದಲ್ಲಿ ತಿಳಿಯುವ ಚರಿತ್ರೆ ಅದು. ವೈದ್ಯರು ಅದನ್ನು ಕೇಳಬೇಕು, ರೋಗಿ ಅದನ್ನು ಹೇಳಬೇಕು. ಇವೆರಡೂ ಆಗದಿರುವುದರಿಂದಲೇ ಎಷ್ಟೋ ಜನ ಒಂದರ ಹಿಂದೊಂದು ಹಲ್ಲಿಗೆ ಚಿಕಿತ್ಸೆ ಮಾಡಿಸಿಕೊಳ್ಳುತ್ತಾ ಹೋಗುತ್ತಾರೆ.

ಮೊದಲು ಹಲ್ಲಿನ ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕು. ಹಲ್ಲಿನ ನಡುವೆ ಮೆತ್ತಗಿನ ತಿರುಳಿದೆ. ಅದರಲ್ಲಿ ರಕ್ತನಾಳಗಳೂ ನೂರಾರು ನರದ ಎಳೆಗಳೂ ಇವೆ. ಇವೆಲ್ಲ ಬೇರಿನ ತುದಿಯಲ್ಲಿರುವ, ಅರ್ಧ ಮಿಲಿಮೀಟರಿಗೂ ಕಿರಿದಾದ ಕಂಡಿಯಿಂದ ಒಳಗೆ ಬರುತ್ತವೆ. ಹುಳುಕು ಆಳಕ್ಕಿಳಿದು ಈ ತಿರುಳು ಬಾತುಕೊಂಡಾಗ ಹಿಗ್ಗಲು ಜಾಗವಿಲ್ಲದೆ ಪ್ರಾಣ ಹೋಗುವಂಥ ನೋವು ಬರುತ್ತದೆ. ವೈದ್ಯರು ಇಂಜೆಕ್ಷನ್ ಕೊಟ್ಟು ಜೋಮು ಹಿಡಿಸಿ, ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ, ಮೇಲಿನಿಂದ ತೂತು ಮಾಡಿ ಒಳಗಿಳಿಯುತ್ತಾರೆ. ಮೊದಲು ಇಳಿಸುವ ಸಣ್ಣ ಫೈಲುಗಳಲ್ಲಿ 10ನೇ ನಂಬರಿನದು ತುದಿಯಲ್ಲಿ ಬರೀ 0.1 ಮಿಲಿಮೀಟರ್ ದಪ್ಪ. ಅದು ಬೇರಿನ ತುದಿ ತಲುಪಿದ್ದನ್ನು ಪಕ್ಕದಲ್ಲಿರುವ ಪುಟ್ಟ ಯಂತ್ರ ಬೀಪ್ ಸದ್ದು ಮಾಡಿ ತಿಳಿಸುತ್ತದೆ. ಆಮೇಲೆ ದಪ್ಪ ಫೈಲುಗಳು, ನಡುನಡುವೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆಯುವುದು, ಕೊನೆಗೆ ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತುವನ್ನು ತುಂಬಿ ಮುಚ್ಚುವುದು.

ಇಷ್ಟರಲ್ಲಿ ತೆಗೆದದ್ದು ಹಲ್ಲಿನೊಳಗಿದ್ದ ನರದ ತುದಿಯನ್ನಷ್ಟೇ. ಆ ಎಳೆ ದವಡೆಯ ಮೂಳೆಯೊಳಗೆ ಹಾದು, ಮುಖದ ಸ್ಪರ್ಶಕ್ಕೆಲ್ಲ ಆಧಾರವಾದ ಟ್ರೈಜೆಮಿನಲ್ ನರವನ್ನು ಸೇರಿ, ತಲೆಬುರುಡೆಯೊಳಗಿನ ನರಗಂಟನ್ನು ದಾಟಿ, ಮೆದುಳಕಾಂಡದ ತನಕ ಹಾಗೆಯೇ ಉಳಿದಿರುತ್ತದೆ. ಕಾಲಿಂಗ್ ಬೆಲ್ಲಿನ ಗುಂಡಿಯನ್ನು ಕಿತ್ತುಹಾಕಿದರೂ ಗೋಡೆಯೊಳಗಿನ ವೈರು ಎಲ್ಲೋ ಒಂದು ಕಡೆ ತಾಗಿ ಬೆಲ್ಲು ಹೊಡೆದುಕೊಳ್ಳುತ್ತಿದ್ದರೆ ಹೇಗೋ ಹಾಗೆ, ತುದಿ ಕತ್ತರಿಸಿಹೋದ ನರ ಕೆಲವರಲ್ಲಿ ತಾನೇ ತಾನಾಗಿ ಸಂಕೇತ ಕಳಿಸುತ್ತದೆ. ಮೆದುಳಿಗೆ ಅದು ಅದೇ ಹಲ್ಲಿನ ನೋವೆಂದೇ ಕೇಳಿಸುತ್ತದೆ. ರೋಗಿ ಸುಳ್ಳು ಹೇಳುತ್ತಿಲ್ಲ, ಕಲ್ಪಿಸಿಕೊಳ್ಳುತ್ತಲೂ ಇಲ್ಲ. ನೋವು ನಿಜ; ಅದು ಹುಟ್ಟುವ ಜಾಗ ಮಾತ್ರ ಬೇರೆ.

ಹೆದರಿ ರೂಟ್ ಕೆನಾಲನ್ನೇ ಬಿಡಬೇಕೆಂದು ಇದರ ಅರ್ಥವಲ್ಲ. ಚಿಕಿತ್ಸೆಯ ನಂತರ ನಾಲ್ಕು ದಿನ, ಹೆಚ್ಚೆಂದರೆ ಒಂದೆರಡು ವಾರ, ಕಚ್ಚಿದಾಗ ನೋಯುವುದು ಸಹಜ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಡೊನಾಲ್ಡ್ ನಿಕ್ಸ್‌ಡಾರ್ಫ್ ಮತ್ತು ಸಂಗಡಿಗರು 2010ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಆರು ತಿಂಗಳು ಅಥವಾ ಅದಕ್ಕೂ ಮೀರಿ ನೋವು ಉಳಿದಿದ್ದದ್ದು ಶೇ 5.3ರಷ್ಟು ಪ್ರಕರಣಗಳಲ್ಲಿ. ಹಲ್ಲಿಗೆ ಸಂಬಂಧವೇ ಇಲ್ಲದ ಕಾರಣದಿಂದ ನೋವು ಉಳಿದದ್ದು ಶೇ 3.4ರಷ್ಟರಲ್ಲಿ. ನೂರರಲ್ಲಿ ಮೂರು ಎಂದರೆ ಚಿಕ್ಕ ಸಂಖ್ಯೆ ಅನಿಸಬಹುದು. ಆದರೆ ಒಂದು ಊರಿನಲ್ಲಿ ದಿನಕ್ಕೆ ಎಷ್ಟು ಹಲ್ಲುಗಳಿಗೆ ಈ ಚಿಕಿತ್ಸೆ ನಡೆಯುತ್ತದೆ ಎಂದು ಯೋಚಿಸಿದರೆ, ಬಸವನಗುಡಿಯ ಪ್ರತಿ ಬೀದಿಯಲ್ಲೂ ಇಂಥವರೊಬ್ಬರು ಇರಬಹುದು.

ನೋವು ಉಳಿಯಿತೆಂದರೆ ಮೊದಲು ಹಲ್ಲನ್ನೇ ಅನುಮಾನಿಸುವುದು ಸರಿ. ಮೇಲಿನ ದವಡೆಯ ಮೊದಲ ದೊಡ್ಡ ಹಲ್ಲಿನಲ್ಲಿ ನಾಲ್ಕನೆಯ ನಾಳವೊಂದು ಅಡಗಿರುವುದು ಬಹಳ ಸಾಮಾನ್ಯ, ಅದು ಕಣ್ತಪ್ಪಿ ಉಳಿಯುವುದೂ ಅಷ್ಟೇ ಸಾಮಾನ್ಯ. ಹಾಕಿದ ಕ್ಯಾಪ್ ಕೂದಲೆಳೆಯಷ್ಟು ಎತ್ತರವಾದರೂ ಪ್ರತಿ ತುತ್ತಿಗೂ ಏಟು ಬೀಳುತ್ತದೆ. ಅದನ್ನು ಸ್ವಲ್ಪ ಉಜ್ಜಿದರೆ ಸಾಕು. ಹಲ್ಲಿನಲ್ಲಿ ಬಿಟ್ಟ ಬಿರುಕು ಎಕ್ಸ್‌ರೇಯಲ್ಲಿ ಅನೇಕ ವೇಳೆ ಕಾಣುವುದೇ ಇಲ್ಲ. ಕಡಲೆಕಾಯಿ ಪರಿಷೆಯ ದಿನ ದೊಡ್ಡ ಬಸವಣ್ಣನ ಗುಡಿಯ ಬೀದಿಯಲ್ಲಿ ಹುರಿದ ಕಾಯಿ ಮೆಲ್ಲುತ್ತಾ ನಡೆವಾಗ ಹಲ್ಲು ಬಿರುಕು ಬಿಡಲು ನಡುವೆ ಸಿಕ್ಕ ಒಂದು ಕಲ್ಲು ಸಾಕು. ಅಡಿಕೆ ಕಡಿಯುವ ಅಭ್ಯಾಸವಂತೂ ಹಲ್ಲು ಸೀಳಲು ಹೇಳಿ ಮಾಡಿಸಿದ್ದು. ಇವೆಲ್ಲ ಹುಡುಕಿದರೆ ಸಿಗುವ, ಸರಿಪಡಿಸಬಹುದಾದ ಕಾರಣಗಳು. ಇವೆಲ್ಲವನ್ನೂ ನೋಡಿ, ಏನೂ ಸಿಗದೆ ನೋವು ಮಾತ್ರ ಮುಂದುವರಿದಾಗ ಮುಂದಿನ ಪ್ರಶ್ನೆ ಏಳುತ್ತದೆ.

ಈ ಒಗಟು ಹಳೆಯದು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1778ರಲ್ಲಿ ಪ್ರಕಟಿಸಿದ ಹಲ್ಲಿನ ರೋಗಗಳ ಗ್ರಂಥದಲ್ಲೇ, ಹಲ್ಲುಗಳ ಮೇಲೆ ಅನುಮಾನ ಬರುವಂಥ, ಆದರೆ ಹಲ್ಲುಗಳಿಗೆ ಸಂಬಂಧಿಸದ ದವಡೆಯ ನೋವಿನ ಬಗ್ಗೆ ಬರೆದಿದ್ದಾನೆ. ಒಂದರ ಮೇಲೊಂದು ಹಲ್ಲು ಕಿತ್ತರೂ ಆ ನೋವು ಹೋಗುತ್ತಿರಲಿಲ್ಲ. ಎರಡು ಶತಮಾನ ಕಳೆದ ಮೇಲೆ ಅಮೆರಿಕದ ಜೋಸೆಫ್ ಮಾರ್ಬಾಕ್, ಕಡಿದುಹೋದ ಕೈಕಾಲಿನಲ್ಲಿ ನೋವು ಉಳಿಯುವ ಹಾಗೆಯೇ ತಿರುಳು ತೆಗೆದ ಹಲ್ಲಿನಲ್ಲೂ ಉಳಿಯುತ್ತದೆ ಎಂದು ವಾದಿಸಿದರು. 1982ರಲ್ಲಿ ಅವರು ಕೊಟ್ಟ ಅಂದಾಜೂ ಸುಮಾರು ಶೇ 3. ಮುಖ ಮತ್ತು ಬಾಯಿಯ ನೋವುಗಳಿಗೆ ಪ್ರತ್ಯೇಕವಾದ ಅಂತರರಾಷ್ಟ್ರೀಯ ವರ್ಗೀಕರಣವೊಂದು ಹೊರಬಂದದ್ದು 2020ರಲ್ಲಿ. ನರಕ್ಕೆ ಪೆಟ್ಟು ಬಿದ್ದ ಗುರುತು ಸ್ಪಷ್ಟವಾಗಿದ್ದು ಆರು ತಿಂಗಳೊಳಗೆ ಶುರುವಾದ ನೋವನ್ನು ಅದು ಒಂದು ಗುಂಪಿಗೆ ಸೇರಿಸುತ್ತದೆ. ಕಾರಣವೇ ಕಾಣದೆ, ದಿನಕ್ಕೆ ಎರಡು ಗಂಟೆಗೂ ಹೆಚ್ಚು ಹೊತ್ತು, ಮೂರು ತಿಂಗಳಿಗೂ ಮೀರಿ ಇರುವ ಹಲ್ಲಿನ ಜಾಗದ ನೋವನ್ನು ಇನ್ನೊಂದಕ್ಕೆ ಸೇರಿಸುತ್ತದೆ. ವರ್ಷಗಟ್ಟಲೆ “ನಿಮ್ಮ ಹಲ್ಲಿನಲ್ಲಿ ಏನೂ ಇಲ್ಲ, ಹೋಗಿ” ಎಂದಷ್ಟೇ ಕೇಳಿಸಿಕೊಂಡು ಬಂದವರಿಗೆ ತಮ್ಮ ನೋವಿಗೆ ಒಂದು ಹೆಸರಿದೆ ಎನ್ನುವುದೇ ದೊಡ್ಡ ಸಮಾಧಾನ.

ಯಾರಿಗೆ ಅಪಾಯ ಹೆಚ್ಚು ಎಂಬುದಕ್ಕೆ ಎರಡು ಅಧ್ಯಯನಗಳನ್ನು ಹತ್ತಿರದಿಂದ ನೋಡಬೇಕು. ಮೊದಲನೆಯದು ಲಂಡನ್ನಿನ ಈಸ್ಟ್‌ಮನ್ ದಂತ ಆಸ್ಪತ್ರೆಯದು, 2005ರಲ್ಲಿ ಪ್ರಕಟವಾದದ್ದು. ಹಲ್ಲು ಪೂರ್ತಿ ವಾಸಿಯಾಗಿದೆ ಎಂದು ಎಕ್ಸ್‌ರೇ ತೋರಿಸುತ್ತಿದ್ದ 175 ಮಂದಿಯಲ್ಲಿ 21 ಮಂದಿಗೆ, ಅಂದರೆ ಶೇ 12ರಷ್ಟು ಜನರಿಗೆ ನೋವು ಉಳಿದಿತ್ತು. ಆ 21 ಮಂದಿಯಲ್ಲಿ ಹೆಚ್ಚಾಗಿ ಕಂಡ ಸಂಗತಿಗಳು ಇವು: ಚಿಕಿತ್ಸೆಗೆ ಮೊದಲೇ ಆ ಹಲ್ಲು ನೋಯುತ್ತಿತ್ತು, ತಟ್ಟಿದರೆ ನೋವಾಗುತ್ತಿತ್ತು; ಆ ನೋವು ಮೂರು ತಿಂಗಳಿಗೂ ಹಳೆಯದಾಗಿತ್ತು; ಮೈಯಲ್ಲಿ ಬೇರೆಲ್ಲಾದರೂ ದೀರ್ಘಕಾಲದ ನೋವಿತ್ತು; ಮುಖ, ಬಾಯಿಯ ಭಾಗದಲ್ಲಿ ಹಿಂದೆ ನೋವು ತಂದ ಚಿಕಿತ್ಸೆ ಅನುಭವಿಸಿದ್ದರು; ಮತ್ತು ಅವರಲ್ಲಿ ಹೆಂಗಸರೇ ಹೆಚ್ಚು. ಎರಡನೆಯದು ಅಮೆರಿಕದ್ದು, 2016ರಲ್ಲಿ ಪ್ರಕಟವಾಯಿತು. ಅರುವತ್ತಕ್ಕೂ ಹೆಚ್ಚು ದಂತವೈದ್ಯರು ತಮ್ಮ ಮಾಮೂಲಿ ಕ್ಲಿನಿಕ್ಕುಗಳಿಗೆ ಬಂದ ಏಳುನೂರಕ್ಕೂ ಹೆಚ್ಚು ರೋಗಿಗಳನ್ನು ಆರು ತಿಂಗಳು ಹಿಂಬಾಲಿಸಿದರು. ಸುಮಾರು ಶೇ 10ರಷ್ಟು ಮಂದಿಗೆ ನೋವು ಉಳಿಯಿತು. ಚಿಕಿತ್ಸೆಯ ಹಿಂದಿನ ವಾರದಲ್ಲಿ ನೋವು ಎಷ್ಟು ಹೆಚ್ಚು ದಿನ ಇತ್ತೋ ಅಪಾಯ ಅಷ್ಟು ಹೆಚ್ಚು. ಚಿಕಿತ್ಸೆಯಿಂದ ಗುಣವಾಗುತ್ತದೆ ಎಂಬ ಭರವಸೆ ಇದ್ದವರಲ್ಲಿ ಕಡಿಮೆ. ನೋವನ್ನು ಅಳೆಯುವ ರೀತಿ ಬೇರೆ ಬೇರೆಯಾದ್ದರಿಂದ 2010ರ ವಿಶ್ಲೇಷಣೆಯೂ ಸೇರಿ ಮೂರೂ ಅಧ್ಯಯನಗಳ ಪ್ರಮಾಣದಲ್ಲಿ ವ್ಯತ್ಯಾಸವಿದೆ. ಆದರೆ ಲಂಡನ್ನಿನ ಆಸ್ಪತ್ರೆಯೂ ಅಮೆರಿಕದ ಕ್ಲಿನಿಕ್ಕುಗಳೂ ಬೆರಳು ಮಾಡಿ ತೋರಿಸುವುದು ಒಂದೇ ಕಡೆಗೆ: ನೋವನ್ನು ಹೊತ್ತು ಕಳೆದ ಕಾಲ.

ನಮ್ಮ ಮನೆಗಳ ರೂಢಿಯನ್ನು ಇಲ್ಲಿ ನೆನೆಯದೆ ಇರಲಾಗದು. ಹಲ್ಲು ನೋವು ಬಂದ ತಕ್ಷಣ ಡಾಕ್ಟರ ಹತ್ತಿರ ಹೋಗುವವರು ಕಡಿಮೆ. ಮೊದಲು ಲವಂಗ, ಆಮೇಲೆ ಬಿಸಿನೀರು ಉಪ್ಪು, ಅದಕ್ಕೂ ಬಗ್ಗದಿದ್ದರೆ ಮೂಲೆಯ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆ. ಮಗಳ ಪರೀಕ್ಷೆ ಮುಗಿಯಲಿ, ಗೃಹಪ್ರವೇಶ ಕಳೆಯಲಿ, ಗೌರಿ ಗಣೇಶ ಹಬ್ಬ ಆಗಲಿ ಎಂದು ದಿನ ತಳ್ಳುವುದು. ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ನಿಜಕ್ಕೂ ನರವನ್ನು ಮಂಕುಗೊಳಿಸುತ್ತದೆ, ದಂತವೈದ್ಯರೂ ಅದನ್ನು ತಾತ್ಕಾಲಿಕ ಸಿಮೆಂಟಿನಲ್ಲಿ ಬಳಸುತ್ತಾರೆ. ಆದರೆ ಹುಳುಕು ಅದರಿಂದ ನಿಲ್ಲುವುದಿಲ್ಲ. ಒಳಗಿನ ತಿರುಳು ತಿಂಗಳುಗಟ್ಟಲೆ ಸಂಕೇತ ಕಳಿಸುತ್ತಲೇ ಇದ್ದರೆ ಮೆದುಳಕಾಂಡದಲ್ಲಿ ಅದನ್ನು ಸ್ವೀಕರಿಸುವ ನರಕೋಶಗಳ ಸ್ವಭಾವವೇ ಬದಲಾಗುತ್ತದೆ. ಸಣ್ಣ ಪ್ರಚೋದನೆಗೂ ಜೋರಾಗಿ ಸ್ಪಂದಿಸುವುದು, ನಿಂತ ಮೇಲೂ ಸ್ಪಂದಿಸುತ್ತಲೇ ಇರುವುದು ಅವಕ್ಕೆ ರೂಢಿಯಾಗುತ್ತದೆ. ಪೆಟ್ಟು ಬಿದ್ದ ಅಂಗದಾಚೆ, ಕೇಂದ್ರ ನರವ್ಯೂಹದಲ್ಲೇ ಇಂಥ ಬದಲಾವಣೆ ಆಗುತ್ತದೆಂದು ಕ್ಲಿಫರ್ಡ್ ವುಲ್ಫ್ 1983ರಲ್ಲಿ ತೋರಿಸಿಕೊಟ್ಟ ಮೇಲೆ ನೋವಿನ ವಿಜ್ಞಾನದ ದಿಕ್ಕೇ ಬದಲಾಯಿತು. ಹಾಗಾಗಿ “ತಡೆದುಕೊಂಡ್ರೆ ಹೋಗುತ್ತೆ” ಎನ್ನುವುದು ಹಲ್ಲಿನ ವಿಷಯದಲ್ಲಿ ಕೆಟ್ಟ ಸಲಹೆ. ರೋಗಿಯ ವಯಸ್ಸು, ಲಿಂಗ, ಹಳೆಯ ಕಾಯಿಲೆ ಯಾವುದನ್ನೂ ಬದಲಿಸಲಾಗದು. ಕಾಯುವ ದಿನಗಳನ್ನು ಮಾತ್ರ ಕಡಿಮೆ ಮಾಡಬಹುದು.

ಹಳೆಯ ನೋವುಗಳ ಮಾತು ಇಷ್ಟೇ ಮುಖ್ಯ. ಅರೆತಲೆನೋವು, ವರ್ಷಗಳಿಂದ ಬಿಡದ ಸೊಂಟ ನೋವು, ಮೈಕೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯ, ಬೆಳಿಗ್ಗೆ ಎದ್ದಾಗ ದವಡೆ ಬಿಗಿದಿರುವುದು, ಇಂಥ ತೊಂದರೆ ಇರುವವರ ನರವ್ಯೂಹ ನೋವಿಗೆ ಮೊದಲೇ ಸೂಕ್ಷ್ಮವಾಗಿರುತ್ತದೆ. ನೋವನ್ನು ಮೇಲಿನಿಂದ ಹದ್ದುಬಸ್ತಿನಲ್ಲಿಡುವ ಮೆದುಳಿನ ವ್ಯವಸ್ಥೆ ಇವರಲ್ಲಿ ದುರ್ಬಲವಾಗಿರಬಹುದು. ಹಲ್ಲಿನದೆಂದು ತೋರುವ ನೋವಿನಲ್ಲಿ ದವಡೆಯದು ದೊಡ್ಡ ಪಾಲು. ರೂಟ್ ಕೆನಾಲ್ ನಂತರ ನೋವು ಉಳಿದವರನ್ನು ತಜ್ಞರು ಕೂರಿಸಿ ಪರೀಕ್ಷಿಸಿದಾಗ ಹಲವರಲ್ಲಿ ಸಿಕ್ಕ ಮೂಲ ಕೆನ್ನೆಯ ಸ್ನಾಯು, ಕಿವಿಯ ಮುಂದಿನ ದವಡೆಯ ಕೀಲು. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಆ ಸ್ನಾಯುವಿನ ನೋವು ನೇರವಾಗಿ ದವಡೆಹಲ್ಲಿಗೆ ಬಂದು ಕೂರುತ್ತದೆ. ರೋಗಿ ತೋರಿಸುವುದು ಹಲ್ಲನ್ನೇ, ಚಿಕಿತ್ಸೆ ಸಿಗುವುದೂ ಹಲ್ಲಿಗೇ.

ಹೆಂಗಸರಲ್ಲಿ, ಅದರಲ್ಲೂ ನಡುವಯಸ್ಸಿನವರಲ್ಲಿ ಈ ತೊಂದರೆ ಹೆಚ್ಚು ಎನ್ನುವುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಹಾರ್ಮೋನುಗಳ ಪಾತ್ರವಿರಬಹುದು, ಅರೆತಲೆನೋವಿನಂಥ ತೊಂದರೆಗಳು ಅವರಲ್ಲೇ ಹೆಚ್ಚಿರುವುದೂ ಕಾರಣವಿರಬಹುದು. ಮನೆಯ ಎಲ್ಲರ ಆರೋಗ್ಯ ನೋಡಿದ ಮೇಲೆ ತನ್ನ ಸರದಿ ಎಂದು ಕಾಯುವ ತಾಯಂದಿರನ್ನು ಕಂಡವರಿಗೆ ಇನ್ನೊಂದು ಕಾರಣವೂ ಹೊಳೆಯುತ್ತದೆ: ಮೂರು ತಿಂಗಳ ನೋವು ಹೊತ್ತು ಬರುವವರಲ್ಲಿ ಅವರೇ ಹೆಚ್ಚಿರಬಹುದು. ಇಷ್ಟಾದ ಮೇಲೂ ನೋವು ಹೋಗಲಿಲ್ಲ ಎಂದಾಗ “ಟೆನ್ಷನ್ ಮಾಡ್ಕೋಬೇಡಿ ಅಮ್ಮಾ, ಎಲ್ಲಾ ಮನಸ್ಸಿಂದು” ಎಂಬ ಮಾತು ಕೇಳಬೇಕಾಗುವುದೂ ಅವರೇ. ಆತಂಕ, ಖಿನ್ನತೆ, ನಿದ್ದೆಗೇಡು ನೋವನ್ನು ಹೆಚ್ಚಿಸುತ್ತವೆ ಎನ್ನುವುದು ನಿಜ. ಅವು ನೋವಿನಿಂದಲೂ ಹುಟ್ಟುತ್ತವೆ ಎನ್ನುವುದು ಅಷ್ಟೇ ನಿಜ. ಮನಸ್ಸಿನ ಸ್ಥಿತಿಯನ್ನು ವಿಚಾರಿಸುವುದು ಒಳ್ಳೆಯ ವೈದ್ಯರ ಲಕ್ಷಣ. ಅದರ ಹೆಸರಿನಲ್ಲಿ ರೋಗಿಯನ್ನು ಸಾಗಹಾಕುವುದು ಅನ್ಯಾಯ.

ಸಕ್ಕರೆ ಕಾಯಿಲೆ ಮತ್ತು ಬಿ12 ಕೊರತೆಯನ್ನೂ ಇಲ್ಲಿ ಪ್ರಸ್ತಾಪಿಸಬೇಕು. ಮೇಲಿನ ಅಧ್ಯಯನಗಳ ಪಟ್ಟಿಯಲ್ಲಿ ಇವು ಇಲ್ಲ. ಆದರೆ ಎರಡೂ ನರಗಳನ್ನು ನೇರವಾಗಿ ಕೆಡಿಸುತ್ತವೆ; ಬಿ12 ಕಡಿಮೆಯಾದರೆ ನಾಲಿಗೆ, ಬಾಯಿ ಉರಿಯುವುದೂ ಉಂಟು. ಆ ವಿಟಮಿನ್ ಮಾಂಸಾಹಾರ, ಮೊಟ್ಟೆ, ಹಾಲಿನಿಂದ ಬರುವಂಥದ್ದು. ಸಸ್ಯಾಹಾರದ ಮನೆಗಳು ಹೆಚ್ಚಿರುವ ಹಳೆಯ ಬಡಾವಣೆಗಳಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿರುವ ಹಿರಿಯರಿಗೆ ಕೊರತೆಯ ಸಂಭವ ಇನ್ನೂ ಹೆಚ್ಚು, ಏಕೆಂದರೆ ಆ ಮಾತ್ರೆ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಬಾಯಿಯಲ್ಲಿ ಕಾರಣ ತಿಳಿಯದ ಉರಿ ಇದ್ದರೆ ಇದೊಂದು ರಕ್ತಪರೀಕ್ಷೆ ಮಾಡಿಸುವುದರಲ್ಲಿ ನಷ್ಟವೇನಿಲ್ಲ.

ಚಿಕಿತ್ಸೆಯಿಂದ ಬಂದ ನೋವೆಂದು ತೋರುವುದೆಲ್ಲ ಚಿಕಿತ್ಸೆಯದೇ ಆಗಿರಬೇಕೆಂದಿಲ್ಲ. ಟ್ರೈಜೆಮಿನಲ್ ನ್ಯೂರಾಲ್ಜಿಯ ಎಂಬ ಕಾಯಿಲೆಯಲ್ಲಿ ಮುಖ ತೊಳೆಯುವಾಗ, ಹಲ್ಲುಜ್ಜುವಾಗ, ತಂಗಾಳಿ ಬೀಸಿದಾಗ ಕರೆಂಟ್ ಹೊಡೆದಂತೆ ನೋವು ಚಿಮ್ಮಿ ಕೆಲವೇ ಕ್ಷಣಗಳಲ್ಲಿ ಮಾಯವಾಗುತ್ತದೆ. ಐವತ್ತು ದಾಟಿದವರಲ್ಲಿ ಹೆಚ್ಚು. ಮಾಮೂಲಿ ನೋವಿನ ಮಾತ್ರೆಗೆ ಬಗ್ಗದ ಅದು 1962ರಿಂದ ಬಳಕೆಯಲ್ಲಿರುವ ಕಾರ್ಬಮಾಜೆಪಿನ್‌ಗೆ ಬಗ್ಗುತ್ತದೆ. ಹಿಂದಿ ನಟ ಸಲ್ಮಾನ್ ಖಾನ್ ತಮಗೆ ಈ ಕಾಯಿಲೆ ಇದ್ದದ್ದನ್ನು ಬಹಿರಂಗವಾಗಿ ಹೇಳಿಕೊಂಡ ಮೇಲೆ ಇದರ ಹೆಸರು ಮನೆಮಾತಾಯಿತು. ಅವರು 2011ರಲ್ಲಿ ಅಮೆರಿಕಕ್ಕೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಈ ನೋವನ್ನು ಹಲ್ಲಿನದೆಂದು ತಿಳಿದು ರೂಟ್ ಕೆನಾಲ್, ಆಮೇಲೆ ಕೀಳಿಸುವುದು, ಆಮೇಲೆ ಪಕ್ಕದ ಹಲ್ಲು ಎಂದು ಸಾಗಿದವರು ಎಲ್ಲ ದೇಶಗಳಲ್ಲೂ ಇದ್ದಾರೆ. ಬೆಂಗಳೂರಿಗರಿಗೆ ಒಂದು ಅನುಕೂಲವೆಂದರೆ 1974ರಲ್ಲಿ ಸ್ಥಾಪನೆಯಾದ ನಿಮ್ಹಾನ್ಸ್ ಇಲ್ಲೇ ಹೊಸೂರು ರಸ್ತೆಯಲ್ಲಿದೆ. ನರರೋಗ, ನರಶಸ್ತ್ರಚಿಕಿತ್ಸೆ, ಮನೋವೈದ್ಯ ವಿಭಾಗಗಳು ಅಲ್ಲಿ ಒಂದೇ ಆವರಣದಲ್ಲಿವೆ.

ಹಲ್ಲಿನದೆಂದು ತೋರುವ ಬೇರೆ ನೋವುಗಳು ಇನ್ನೂ ಕೆಲವು ಉಂಟು. ಬೆಂಗಳೂರಿನ ಚಳಿ ಮತ್ತು ದೂಳಿಗೆ ಸೈನಸ್ ಕಟ್ಟಿದಾಗ ಮೇಲಿನ ಸಾಲಿನ ಎರಡು ಮೂರು ಹಲ್ಲು ಒಟ್ಟಿಗೆ ನೋಯುತ್ತವೆ, ಬಗ್ಗಿದರೆ ನೋವು ಹೆಚ್ಚುತ್ತದೆ. ಮುಖದಲ್ಲಿ ಸರ್ಪಸುತ್ತು ಏಳುವ ಎರಡು ಮೂರು ದಿನ ಮುಂಚೆ ಹಲ್ಲು ನೋವು ಮಾತ್ರ ಕಾಣಿಸಿಕೊಳ್ಳಬಹುದು. ಮೆಟ್ಟಿಲು ಹತ್ತುವಾಗ, ಲಾಲ್‌ಬಾಗಿನಲ್ಲಿ ಬಿರುಸಾಗಿ ನಡೆಯುವಾಗ ಕೆಳದವಡೆ ನೋಯುತ್ತದೆ, ಕೂತರೆ ಹೋಗುತ್ತದೆ ಎಂದಾದರೆ ಅದು ಹೃದಯದ್ದಿರಬಹುದು. ಅಂಥವರು ಹಲ್ಲಿನ ಡಾಕ್ಟರನ್ನು ಬಿಟ್ಟು ತಕ್ಷಣ ಹೃದಯದ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಪರೀಕ್ಷೆ ಹೇಗೆ? ಕೋಟೆ ಪ್ರದೇಶದಲ್ಲಿ, 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ದಂತ ವೈದ್ಯಕೀಯ ಕಾಲೇಜು 1958ರಿಂದ ನಡೆಯುತ್ತಿದೆ. ಚಾಮರಾಜಪೇಟೆಯಿಂದ ನಡೆದು ಹೋಗುವಷ್ಟು ಹತ್ತಿರ. ವಿಶ್ವೇಶ್ವರಪುರದ ಕೆ.ಆರ್. ರಸ್ತೆಯಲ್ಲಿ ಒಕ್ಕಲಿಗರ ಸಂಘದ ದಂತ ಕಾಲೇಜಿದೆ. ಇಂಥ ಕಾಲೇಜುಗಳಲ್ಲಿ ರೋಗಿ ಮೊದಲು ಕಾಣುವುದು ಓರಲ್ ಮೆಡಿಸಿನ್ ವಿಭಾಗವನ್ನು. ನರದ ನೋವನ್ನು ಗುರುತಿಸಲು ಅಲ್ಲಿ ಬಳಸುವ ಸಲಕರಣೆಗಳು ತೀರ ಸರಳ. ಕನ್ನಡಿಯ ಹಿಡಿಯಿಂದ ಹಲ್ಲನ್ನು ಮೇಲಿನಿಂದಲೂ ಪಕ್ಕದಿಂದಲೂ ಮೆಲ್ಲಗೆ ತಟ್ಟುತ್ತಾರೆ. ಅಕ್ಕಪಕ್ಕದ ಹಲ್ಲುಗಳಿಗೆ ತಣ್ಣನೆಯ ಹತ್ತಿ ತಾಗಿಸುತ್ತಾರೆ. ಕೆನ್ನೆಯ ಸ್ನಾಯುವನ್ನು ಬೆರಳಿನಿಂದ ಕೆಲವು ಕ್ಷಣ ಒತ್ತಿ ಹಿಡಿದು, ಹಲ್ಲಿನ ನೋವು ಮರುಕಳಿಸಿತೇ ಎಂದು ಕೇಳುತ್ತಾರೆ. ಆಮೇಲೆ ಒಣ ಹತ್ತಿಯ ಎಳೆಯಿಂದ ಒಸಡನ್ನು ಒಂದು ಸಲ ನೋವಿರುವ ಕಡೆ, ಇನ್ನೊಂದು ಸಲ ಎದುರುಬದಿಯಲ್ಲಿ ಸವರುತ್ತಾರೆ. ಹತ್ತಿ ಸೋಕಿದ್ದೇ ಉರಿಯಂತೆ ಭಾಸವಾದರೆ, ಅಥವಾ ಒಂದು ಬದಿಯಲ್ಲಿ ಮಂಕಾಗಿ ತಿಳಿದರೆ, ನರದ ಕಡೆ ಅನುಮಾನ ಬಲವಾಗುತ್ತದೆ. ಕೊನೆಯದು ಜೋಮಿನ ಇಂಜೆಕ್ಷನ್. ನೋವು ಹಲ್ಲಿನದೇ ಆದರೆ ಆ ಜಾಗ ಮರಗಟ್ಟಿದಾಗ ಪೂರ್ತಿ ಹೋಗಬೇಕು. ತುಟಿ, ಒಸಡು ಎಲ್ಲ ಮರಗಟ್ಟಿಯೂ ನೋವು ಅರ್ಧ ಉಳಿದರೆ ಅದರ ಬುಡ ಇನ್ನೂ ಮೇಲಿದೆ ಎಂದು ಅರ್ಥ.

ಇಷ್ಟು ಮಾಡಲು ಇಪ್ಪತ್ತು ನಿಮಿಷವಾದರೂ ಬೇಕು. ಮತ್ತೆ ತೂತು ಮಾಡುವ ನಿರ್ಧಾರಕ್ಕಿಂತ ಮೊದಲು ಆ ಇಪ್ಪತ್ತು ನಿಮಿಷ ಖರ್ಚು ಮಾಡುವುದು ಪ್ರತಿ ಕ್ಲಿನಿಕ್ಕಿನ ಪದ್ಧತಿಯಾಗಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಕಾಯುವ ಪ್ರಶ್ನೆಯೇ ಇಲ್ಲ. ಕೆಳದವಡೆಯ ಹಿಂದಿನ ಹಲ್ಲುಗಳ ಬೇರಿನ ಕೆಳಗೇ ಕೆಳತುಟಿ ಮತ್ತು ಗಲ್ಲಕ್ಕೆ ಹೋಗುವ ನರವಿದೆ. ತುಂಬಿದ ವಸ್ತು, ಒಳಗೆ ಇಟ್ಟ ಔಷಧ ಅಥವಾ ತೊಳೆಯುವ ದ್ರಾವಣ ಬೇರಿನ ತುದಿ ದಾಟಿ ಆ ನರಕ್ಕೆ ತಾಗಿದರೆ, ಇಂಜೆಕ್ಷನ್ನಿನ ಜೋಮು ಇಳಿಯಬೇಕಾದ ಹೊತ್ತು ಕಳೆದರೂ ತುಟಿ ಮರಗಟ್ಟಿಯೇ ಇರುತ್ತದೆ ಅಥವಾ ಉರಿಯುತ್ತದೆ. ಬೆಳಿಗ್ಗೆ ಚಿಕಿತ್ಸೆಯಾಗಿ ರಾತ್ರಿಯಾದರೂ ತುಟಿಗೆ ಸ್ಪರ್ಶ ಬಂದಿಲ್ಲವೆಂದರೆ ಅಂದೇ ವೈದ್ಯರಿಗೆ ಫೋನ್ ಮಾಡಬೇಕು. ನರದ ಮೇಲೆ ಕೂತ ವಸ್ತುವನ್ನು ಒಂದೆರಡು ದಿನದೊಳಗೆ ತೆಗೆದರೆ ಚೇತರಿಕೆಯ ಅವಕಾಶ ಚೆನ್ನಾಗಿರುತ್ತದೆ. ವಾರಗಳು ಕಳೆದಷ್ಟೂ ಕುಗ್ಗುತ್ತದೆ.

ನಿಧಾನವಾಗಿ ಬೇರೂರಿದ ನರದ ನೋವಿಗೆ ಔಷಧವೂ ನಿಧಾನದ್ದು. ಅಮಿಟ್ರಿಪ್ಟಿಲಿನ್ ಅಥವಾ ನಾರ್ಟ್ರಿಪ್ಟಿಲಿನ್ ರಾತ್ರಿ ಹೊತ್ತು 10 ಮಿಲಿಗ್ರಾಂನಿಂದ ಶುರುವಾಗಿ ಮೆಲ್ಲಗೆ ಏರುತ್ತದೆ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಡುಲಾಕ್ಸಿಟಿನ್ ಉಳಿದ ಆಯ್ಕೆಗಳು. ಒಸಡಿನ ಮೇಲೆ ಲಿಗ್ನೊಕೇನ್ ಜೆಲ್ ಹಚ್ಚಿ, ಅದು ಕರಗಿ ಹೋಗದಂತೆ ಅಳತೆಗೆ ಮಾಡಿದ ಪ್ಲಾಸ್ಟಿಕ್ ತಟ್ಟೆಯಿಂದ ಮುಚ್ಚುವುದೂ ಕೆಲವರಿಗೆ ಹಿಡಿಸುತ್ತದೆ. ಇಲ್ಲಿ ಒಂದು ಎಡವಟ್ಟು ಪದೇ ಪದೇ ಆಗುತ್ತದೆ. ಮನೆಗೆ ಹೋಗಿ ಅಮಿಟ್ರಿಪ್ಟಿಲಿನ್ ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿದವರಿಗೆ ಖಿನ್ನತೆಯ ಔಷಧಿ ಎಂದು ಕಾಣುತ್ತದೆ. ತನ್ನನ್ನು ಹುಚ್ಚರ ಸಾಲಿಗೆ ಸೇರಿಸಿದರು ಎಂದು ನೊಂದು ಎರಡನೇ ದಿನಕ್ಕೇ ನಿಲ್ಲಿಸುತ್ತಾರೆ. ಖಿನ್ನತೆಗೆ ಕೊಡುವುದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ, ನರದ ಸಂಕೇತ ತಗ್ಗಿಸಲು ಇದನ್ನು ಕೊಟ್ಟಿದೆ, ಪರಿಣಾಮ ತಿಳಿಯಲು ಕೆಲವು ವಾರ ಬೇಕು ಎಂದು ಚೀಟಿ ಬರೆಯುವಾಗಲೇ ಬಿಡಿಸಿ ಹೇಳಿದರೆ ಅರ್ಧ ಕೆಲಸ ಆದ ಹಾಗೆ. ಗ್ಲಾಕೋಮ, ಪ್ರಾಸ್ಟೇಟ್ ತೊಂದರೆ, ಹೃದಯದ ಬಡಿತದ ಏರುಪೇರು ಇರುವ ಹಿರಿಯರಿಗೆ ಈ ಮಾತ್ರೆಯನ್ನು ನೋಡಿಕೊಂಡು ಕೊಡಬೇಕು. ಬಾಯಿ ಒಣಗುವುದು ಇದರ ಸಾಮಾನ್ಯ ಅಡ್ಡಪರಿಣಾಮ. ಜೊಲ್ಲು ಕಡಿಮೆಯಾದರೆ ಉಳಿದ ಹಲ್ಲುಗಳಿಗೆ ಹುಳುಕು ಬೇಗ ಹತ್ತುವುದರಿಂದ ಫ್ಲೋರೈಡ್ ಪೇಸ್ಟ್ ಬಳಕೆ, ಆಗಾಗ ನೀರು ಗುಟುಕರಿಸುವುದು ಅಗತ್ಯ. ನೋವಿನ ಜೊತೆ ಬದುಕನ್ನು ಹೊಂದಿಸಿಕೊಳ್ಳಲು ಕಲಿಸುವ ಮನಶ್ಶಾಸ್ತ್ರೀಯ ಚಿಕಿತ್ಸೆಯಿಂದಲೂ ಪ್ರಯೋಜನವಿದೆ. ಅದನ್ನು ಮಾತ್ರೆಯ ಜೊತೆಗೆ ಕೊಡಬೇಕು, ಮಾತ್ರೆಯ ಬದಲಿಗಲ್ಲ.

ಕುರ್ಚಿಯಲ್ಲಿ ಕೂತ ರೋಗಿ ಏನು ಹೇಳಬೇಕು? ಈ ಹಲ್ಲು ಎಷ್ಟು ದಿನದಿಂದ ನೋಯುತ್ತಿದೆ, ಎಷ್ಟು ಮಾತ್ರೆ ನುಂಗಿದ್ದೇನೆ, ಅರೆತಲೆನೋವಿದೆಯೇ, ರಾತ್ರಿ ಹಲ್ಲು ಕಡಿಯುತ್ತೇನೆಂದು ಮನೆಯವರು ಹೇಳುತ್ತಾರೆಯೇ, ಹಿಂದೆ ಯಾವ ಶಸ್ತ್ರಚಿಕಿತ್ಸೆಯ ನಂತರ ನೋವು ಬಹಳ ದಿನ ಉಳಿದಿತ್ತು, ನಿದ್ದೆ ಹೇಗಿದೆ. ಹಲ್ಲಿಗೂ ಸೊಂಟಕ್ಕೂ ಏನು ಸಂಬಂಧ ಎಂದು ಸಂಕೋಚಪಡುವುದು ಬೇಡ. ಇದನ್ನು ತಿಳಿದ ವೈದ್ಯರು ಚಿಕಿತ್ಸೆಯ ದಿನ ನೋವು ಚೆನ್ನಾಗಿ ತಡೆಯುವಂತೆ ಜೋಮಿನ ಇಂಜೆಕ್ಷನ್ ಕೊಡುತ್ತಾರೆ, ನಂತರದ ದಿನಗಳಿಗೆ ಸರಿಯಾದ ಮಾತ್ರೆ ಬರೆಯುತ್ತಾರೆ, ನೋವು ಉಳಿದರೆ ಮುಂದೇನು ಎಂದು ಮೊದಲೇ ಹೇಳಿರುತ್ತಾರೆ.

ನೋವು ಮೂರು ತಿಂಗಳು ದಾಟಿದೆ, ಹಲ್ಲು ವಾಸಿಯಾಗಿದೆ ಎಂದು ಎಕ್ಸ್‌ರೇ ಹೇಳುತ್ತಿದೆ, ಆದರೂ “ತೆಗೆದೇಬಿಡಿ” ಎಂದು ರೋಗಿಯೇ ಒತ್ತಾಯಿಸುವ ಗಳಿಗೆ ಬರುತ್ತದೆ. ಅಲ್ಲಿ ಒಂದು ವಾರ ತಡೆಯಬೇಕು. ಹಳೆಯ ಎಕ್ಸ್‌ರೇಗಳು, ಚಿಕಿತ್ಸೆಯ ತಾರೀಕುಗಳು, ನುಂಗಿದ ಮಾತ್ರೆಗಳ ಚೀಟಿ ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಇನ್ನೊಬ್ಬ ತಜ್ಞರನ್ನು ಕಾಣಬೇಕು. ನರದ ನೋವಿಗೆ ಹಲ್ಲು ಕಿತ್ತರೆ ನೋವು ಆ ಖಾಲಿ ಜಾಗದಲ್ಲೇ ಉಳಿಯಬಹುದು, ಪಕ್ಕದ ಹಲ್ಲಿಗೆ ಜಾರಬಹುದು. ಆ ಜಾಗಕ್ಕೆ ಇಂಪ್ಲಾಂಟ್ ಹಾಕಿಸುವುದೆಂದರೆ ಮೊದಲೇ ಕೆರಳಿರುವ ನರದ ಪಕ್ಕದ ಮೂಳೆಗೆ ಮತ್ತೆ ಡ್ರಿಲ್ ಇಳಿಸುವುದು. ಅದಕ್ಕೆ ಒಪ್ಪಿಗೆ ಕೊಡುವ ಮೊದಲು ನೋವಿನ ಮೂಲ ಪತ್ತೆಯಾಗಿದೆಯೇ ಎಂದು ರೋಗಿ ಕೇಳಬೇಕು, ಪತ್ತೆಯಾಗಿದ್ದರೆ ಅದನ್ನು ಬರೆದುಕೊಡಿ ಎಂದೂ ಕೇಳಬೇಕು.